ಆಸಿಂ ತೆರೆಯದ ಪತ್ರ
ಅದಿರು ಲಾರಿಗಳ ಕೆಂಪು ಧೂಳು ಬಳ್ಳಾರಿಯ ಮನೆಮನೆಗೂ ನುಗ್ಗುತ್ತಿದ್ದ ಆ ವರ್ಷಗಳಲ್ಲಿ, ಬಸ್ ನಿಲ್ದಾಣದ ಎದುರು ಇಂಟರ್‌ನೆಟ್ ಅಂಗಡಿ ಇಟ್ಟಿದ್ದ ಆಸಿಂ, ಕುರುಗೋಡು ಸಿರುಗುಪ್ಪ ಕಡೆಯಿಂದ ಬರುವವರ ಫೋಟೋಗಳಿಗೆಲ್ಲ ಕಾವಲುಗಾರನಾಗಿದ್ದ. ಧೂಳಿಗೆ ಸಿ.ಡಿ. ಬಾಳುವುದಿಲ್ಲವೆಂದು, ದೂರದ ಯಾವುದೋ ಕಂಪನಿಯ ಕಂಪ್ಯೂಟರಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಖಾತೆ ತೆರೆದು ಅಲ್ಲಿ ಇಡುತ್ತಿದ್ದ. “ಅಲ್ಲಿ ಧೂಳಿಲ್ರಿ, ಇಲಿ ಇಲ್ರಿ, ನಿಮ್ಮ ಮೊಮ್ಮಕ್ಕಳೂ ಬಂದು ನೋಡಬೌದು” ಎನ್ನುವುದು ಅವನ ದಿನದ ಪಾಠ. ಗಿರಾಕಿ ಪಾಸ್‌ವರ್ಡ್ ಒತ್ತುವಾಗ ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದ. ಒತ್ತಿ ಮುಗಿಸಿದ ಮೇಲೂ ಹತ್ತು ಎಣಿಸಿಯೇ ಇತ್ತ ತಿರುಗುತ್ತಿದ್ದ. “ಸಾಕು ತಿರುಗಪ್ಪೋ, ಮದುಮಗಳಂಗ ನಿಂತೀಯಲ್ಲ” ಎಂದು ಜನ ನಗುತ್ತಿದ್ದರು. ಅಕ್ಷರ ಬಾರದವರು ಪಾಸ್‌ವರ್ಡನ್ನು ಅವನ ಕಿವಿಯಲ್ಲಿ ಉಸುರುತ್ತಿದ್ದರು. ಗೊತ್ತಿದ್ದರೂ, “ನೀವು ಎದುರಿಗೆ ಕುಂತ್ರನ ಖಾತೆ ತೆಗೀತೀನಿ” ಎಂದು ಮಾತು ಕೊಟ್ಟಿದ್ದ. ಒಮ್ಮೆ ಭತ್ತದ ಸುಗ್ಗಿಯಲ್ಲಿ ಒಂದೂವರೆ ತಿಂಗಳು ಹಳ್ಳಿಯ ಕಡೆಯವರು ಯಾರೂ ಬರಲಿಲ್ಲ. ಸುಗ್ಗಿ ಮುಗಿಸಿ ಮೊದಲು ಬಂದವಳು ಕುರುಗೋಡಿನ ದೊಡ್ಡಬಸಮ್ಮ. ತೀರಿಕೊಂಡ ಮಗಳ ಇದ್ದೊಂದು ಫೋಟೋ ನೋಡಲು, ಎಂದಿನಂತೆ ಅವನ ಕಿವಿಯಲ್ಲಿ “ಮೌನಿಕಾ” ಎಂದಳು. ಪರದೆಯ ಮೇಲೆ ಎರಡೇ ಸಾಲು ಬಂದವು: ಕಂಪನಿ ಮುಚ್ಚಿದೆ, ಫೋಟೋಗಳೆಲ್ಲ ಅಳಿಸಿಹೋಗಿವೆ; ಅವನ್ನು ತೆಗೆದುಕೊಳ್ಳಿರೆಂದು ತಿಂಗಳ ಮುಂಚೆಯೇ ಪ್ರತಿಯೊಬ್ಬರ ಖಾತೆಗೂ ಪತ್ರ ಹಾಕಿದ್ದೆವು. “ಯಮ್ಮಾ, ನೀ ಇಲ್ದಾಗ ನಾ ಒಮ್ಮೆ ಖಾತೆ ತೆಗೆದು ಪತ್ರ ನೋಡಿದ್ರ ನಿನ್ ಮಗಳು ಉಳೀತಿದ್ಲು” ಎಂದ ಆಸಿಂ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, “ತೆಗೆಯಂಗಿಲ್ಲ ಅಂದಿದ್ದಿ, ತೆಗೀಲಿಲ್ಲ. ನೀನರ ಏನ್ ಮಾಡ್ತಿಯಪ್ಪ” ಎಂದಳು. ಆಸಿಂ ಗೋಡೆಯ ಕಡೆ ತಿರುಗಿ ನಿಂತ. ಅಂದು ಹತ್ತು ಎಣಿಸುವಷ್ಟು ಹೊತ್ತು ಕಳೆದರೂ ಇತ್ತ ತಿರುಗಲಿಲ್ಲ.