ನಿಂತರೆ ಆರುವ ಗಾಡಿ

ಒಂದೂವರೆ ಸುತ್ತು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಮೇಲಿರುವ ಹಿತ್ತಾಳೆಯ ಆ ಪುಟ್ಟ ಸ್ಕ್ರೂವನ್ನು ಮೊದಲು ಪೂರ್ತಿ ಒಳಕ್ಕೆ ತಿರುಗಿಸಬೇಕು, ಆದರೆ ಬಿಗಿ ಮಾಡಬಾರದು. ಅದು ತಳ ಮುಟ್ಟಿದ್ದು ಬೆರಳಿಗೆ ತಿಳಿದ ಕೂಡಲೇ ನಿಲ್ಲಿಸಿ, ಅಲ್ಲಿಂದ ಒಂದೂವರೆ ಸುತ್ತು ಹಿಂದಕ್ಕೆ ಬರಬೇಕು. ಹಾಗೆ ಮಾಡಿದರೆ ಟೂ-ಸ್ಟ್ರೋಕ್ ಎಂಜಿನ್ನಿಗೆ ಬೇಕಾದಷ್ಟೇ ಗಾಳಿ ಸಿಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಅದು ಆರುವುದಿಲ್ಲ ಎಂದು ಕೈಪಿಡಿ ಹೇಳುತ್ತದೆ. ಮೂರು ಭಾನುವಾರ ಇದನ್ನು ತಪ್ಪದೆ ಮಾಡಿದೆ. ಮೂರು ಭಾನುವಾರವೂ ಎಂಜಿನ್ ಹತ್ತು ಎಣಿಸುವಷ್ಟರಲ್ಲಿ ಕೆಮ್ಮಿ ಆರಿತು.

ಹಂಪಿಯಲ್ಲಿ ಕಲ್ಲುಕಂಬಗಳ ಅಳತೆ ತೆಗೆದು ನಕ್ಷೆ ಬರೆಯುವುದು ನನ್ನ ಉದ್ಯೋಗ. ಅಳತೆ ಸರಿಯಿದ್ದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂಬ ನಂಬಿಕೆ ಈ ಕೆಲಸ ಅಂಟಿಸಿದ ದುರಭ್ಯಾಸ. ಮನುಷ್ಯರ ವಿಷಯದಲ್ಲಿ ಅದು ನಡೆಯುವುದಿಲ್ಲವೆಂದು ಗೊತ್ತಿತ್ತು. ಎಂಜಿನ್ನಿನ ಬಗ್ಗೆ ಮಾತ್ರ ಆಸೆ ಇಟ್ಟುಕೊಂಡಿದ್ದೆ.

ಗಾಡಿ ಅಪ್ಪನದು. ನಾಲ್ಕು ದಪ್ಪ ಚಕ್ರದ ಕ್ವಾಡ್ ಬೈಕು. ಸಂಡೂರಿನ ಗುಡ್ಡಗಳಲ್ಲಿ ಪ್ರವಾಸಿಗರನ್ನು ಸುತ್ತಾಡಿಸಿ ದಣಿದು ನಮ್ಮ ಮನೆ ಸೇರಿದ್ದು. ಈಗಲೂ ತೊಳೆದರೆ ಎಲ್ಲಿಂದಲೋ ಅದಿರಿನ ಕೆಂಪು ಇಳಿಯುತ್ತದೆ. ಮೊಣಕಾಲಿನ ಆಪರೇಷನ್ ಆದ ಮೇಲೆ ಅಪ್ಪನಿಗೆ ಕಂಪ್ಲಿ ರಸ್ತೆಯ ನಮ್ಮ ಮನೆಯಿಂದ ಬಾಳೆತೋಟಕ್ಕೆ ಕಾಲುವೆ ಏರಿಯ ಮೇಲೆ ನಡೆದುಹೋಗುವುದು ಆಗಲಿಲ್ಲ. ಸ್ಕೂಟರಿನ ಮೇಲೆ ಕೂತು ಕಾಲೂರುವ ಧೈರ್ಯವೂ ಇರಲಿಲ್ಲ. ನಾಲ್ಕು ಚಕ್ರವಾದರೆ ಬೀಳುವ ಮಾತಿಲ್ಲ. ತೊಡಕು ಒಂದೇ: ಇದು ಹಗ್ಗ ಜಗ್ಗಿ ಚಾಲೂ ಮಾಡುವ ಗಾಡಿ. ಬಗ್ಗಿ, ಕಾಲು ಒತ್ತಿ ಜಗ್ಗಬೇಕು. ಮನೆಯಲ್ಲಿ ನಾನೋ ಅವ್ವನೋ ಜಗ್ಗಿಕೊಡುತ್ತೇವೆ. ತೋಟದಲ್ಲಿ ಅಪ್ಪ ಇಳಿದು ನೀರು ನೋಡಿ ಬರುವವರೆಗೆ ಎಂಜಿನ್ ತನ್ನ ಪಾಡಿಗೆ ತಾನು ಉರಿಯುತ್ತಿರಬೇಕು. ಆರಿತೋ, ಅಪ್ಪ ಅಲ್ಲೇ.

ಒಂದು ದಿನ ಹಾಗೇ ಆಯಿತು. ಫೋನು ಮನೆಯ ಚಾರ್ಜರಿನಲ್ಲಿತ್ತು. ಅಪ್ಪ ಎರಡು ತಾಸು ಏರಿಯ ಮೇಲೆ ಕೂತಿದ್ದು, ಕೊನೆಗೆ ಯಾರದೋ ಟ್ರ್ಯಾಕ್ಟರಿನ ಹಿಂದೆ ಗಾಡಿ ಕಟ್ಟಿಸಿಕೊಂಡು ಬಂದರು.

“ಏನಿಲ್ಲ, ನೀರು ನೋಡ್ಕೋಂತ ಕುಂತಿದ್ದೆ” ಎಂದರು.

“ನೌಕರಿ ತುಂಬ ನೀರೇ ನೋಡೀರಿ, ಸಾಲಿಲ್ಲೇನು?” ಎಂದಳು ಅವ್ವ. “ಇನ್ನೊಂದ್ ಸಲ ಹಿಂಗಾದ್ರ ಗಾಡಿ ಕೊಟ್ಟುಬಿಡ್ರಿ. ತೋಟಾನೂ ಗುತ್ತಿಗಿ ಹಾಕ್ರಿ. ಬಾಗ್ಲಾಗ ನಿಂತು ಕಾಯೋದು ನನಗ ಸಾಕಾಗೈತಿ.”

ಅಪ್ಪ ತುಂಗಭದ್ರಾ ಡ್ಯಾಮಿನ ಕಾಲುವೆ ಕಚೇರಿಯಲ್ಲಿದ್ದವರು. ಗೇಟು ಎಷ್ಟು ಇಂಚು ಎತ್ತಿದರೆ ಎಷ್ಟು ನೀರು ಹೋಗುತ್ತದೆಂದು ನೋಡುತ್ತಲೇ ತಲೆ ಬೆಳ್ಳಗಾದವರು. ತೋಟ ಹೋದರೆ ಅವರಿಗೆ ಇಂಚು ಹಿಡಿದು ನೋಡಲು ಬೇರೆ ನೀರಿಲ್ಲ. ಆ ಕಾರಣಕ್ಕೇ ನಾನು ಸ್ಕ್ರೂಡ್ರೈವರ್ ಹಿಡಿದದ್ದು.

ಓಡುವಾಗ ಎಂಜಿನ್ನಿನ ಸಣ್ಣಪುಟ್ಟ ದೋಷಗಳೆಲ್ಲ ಓಟದಲ್ಲೇ ಮುಚ್ಚಿಹೋಗುತ್ತವೆ. ಸುಮ್ಮನೆ ನಿಂತಾಗಲೇ ಅದರ ನಿಜ ತಿಳಿಯುವುದು. ಹಂಪಿಯ ಬಾಳೆತೋಟಗಳ ನಡುವೆ ವಿಜಯನಗರದ ಕಾಲದ ಕಾಲುವೆ ಇನ್ನೂ ಹರಿಯುತ್ತದೆ, ನೀವು ನೋಡಿರಬಹುದು. ಅದರ ಇಳಿಜಾರು ಕಣ್ಣಿಗೆ ಕಾಣದಷ್ಟು. ಕೊಂಚ ಹೆಚ್ಚಿದ್ದರೆ ನೀರು ದಂಡೆ ಕೊರೆಯುತ್ತಿತ್ತು, ಕೊಂಚ ಕಡಿಮೆಯಿದ್ದರೆ ಹೂಳು ತುಂಬುತ್ತಿತ್ತು. ಅದನ್ನು ತೋಡಿದವರ ಕೈಗೆ ಕಾರ್ಬ್ಯುರೇಟರ್ ಕೊಟ್ಟಿದ್ದರೆ ಗಳಿಗೆಯಲ್ಲಿ ಅರ್ಥ ಮಾಡಿಕೊಳ್ಳುತ್ತಿದ್ದರೇನೋ. ನಾನು ಪೆಟ್ರೋಲು ಬರುವ ಸೂಜಿಗಣ್ಣನ್ನು ತೊಳೆದು ಊದಿದೆ, ಗಾಳಿ ಸೋಸುವ ಸ್ಪಂಜು ಹಿಂಡಿ ಒಣಗಿಸಿದೆ, ರಬ್ಬರ್ ಕೊಳವೆ ಸೀಳಿದೆಯೇ ಎಂದು ಬೆಳಕಿಗೆ ಹಿಡಿದೆ. ಕಿಡಿ ಹಾರಿಸುವ ಪ್ಲಗ್ ಪ್ರತಿಸಲವೂ ಕಪ್ಪಾಗಿರುತ್ತಿತ್ತು. ಪ್ರತಿಸಲವೂ ಒರೆಸಿ ಇಟ್ಟೆ. ಯಾಕೆ ಕಪ್ಪಾಯಿತೆಂದು ಕೇಳಿಕೊಳ್ಳಲಿಲ್ಲ.

ಮೂರನೆಯ ಭಾನುವಾರ ಬೇಸತ್ತು ಇನ್ನೊಂದು ಸ್ಕ್ರೂ ತಿರುವಿ ಎಂಜಿನ್ನಿನ ವೇಗವನ್ನೇ ಏರಿಸಿದೆ. ಆರಲಿಲ್ಲ, ನಿಜ. ಆದರೆ ಮೇಲೆ ಯಾರೂ ಇಲ್ಲದೆ ಗಾಡಿ ತಾನೇ ಮೆಲ್ಲಗೆ ಹೊರಟು, ಹಿತ್ತಿಲು ದಾಟಿ, ಮಲ್ಲಿಗೆ ಚಪ್ಪರಕ್ಕೆ ತಲೆ ಕೊಟ್ಟು ನಿಂತಿತು.

“ಮೊದಲು ನಿಂತ್ರ ಆರತಿತ್ತು, ಈಗ ನಿಂದ್ರಾದ ಇಲ್ಲ” ಎಂದಳು ಅವ್ವ. “ಭಾಳ ಓದೀಯವ್ವ ನೀನು.”

ಮುಂದಿನ ಭಾನುವಾರ ಹೊಸಪೇಟೆಯಿಂದ ಬಸಣ್ಣನನ್ನು ಕರೆಸಿದೆವು. ಮೊಪೆಡ್ ಬಿಚ್ಚುವುದರಲ್ಲೇ ಆಯುಷ್ಯ ಕಳೆದ ಮೆಕ್ಯಾನಿಕ್. ಅವನು ಮೊದಲು ಕೈಹಾಕಿದ್ದು ಕಾರ್ಬ್ಯುರೇಟರಿಗಲ್ಲ. ಪ್ಲಗ್ ಬಿಚ್ಚಿ, ಅದರ ತುದಿಯಿಂದ ತೊಟ್ಟಿಕ್ಕಿದ ಕಪ್ಪನ್ನು ನೋಡಿದ.

“ತಂಗೀ, ಇದು ಎಂಜಿನ್ನೋ, ಮಿರ್ಚಿ ಕರಿಯೋ ಬಾಣಲ್ಯೋ? ಪೆಟ್ರೋಲಿಗೆ ಎಣ್ಣಿ ಕಲಸೋರು ಯಾರು?”

“ನಾನ” ಎಂದರು ಅಪ್ಪ. “ಐದು ಲೀಟರಿಗೆ ನೂರು ಮಿಲಿ. ಮ್ಯಾಲ ಒಂದು ಮುಚ್ಚಳ.”

“ಆ ಮುಚ್ಚಳ ಯಾಕ್ರೀ ಸಾಹೇಬ್ರ?”

“ಎಣ್ಣಿ ಕಮ್ಮಿ ಆದ್ರ ಎಂಜಿನ್ ಹಿಡಕೊಂಡು ಜಾಮ್ ಆಗತೈತಿ ಅಂದಿದ್ದ, ಗಾಡಿ ಮಾರಿದ ಸಂಡೂರಾಂವ. ಹುಷಾರಿಗೆ ಇರ್ಲಿ ಅಂತ.”

ಅವ್ವ ಹೊಸ್ತಿಲಲ್ಲಿ ನಿಂತು ಸೆರಗು ಸರಿಮಾಡಿಕೊಂಡಳು. “ನಾನೂ ಒಂದೀಟು ಹಾಕತಿದ್ದೆ. ದಿನಾ. ಇವ್ರು ಮಾರಿ ತೊಳಕೊಳ್ಳಾಕ ಹೋದಾಗ.”

ಅಪ್ಪ ತಿರುಗಿ ನೋಡಿದರು. ಬಸಣ್ಣ ನಕ್ಕ. “ಎಣ್ಣಿ ಹೆಚ್ಚಾದ್ರ ಪ್ಲಗ್ಗಿಗೆ ಮಸಿ ಹಿಡಿದು ಕಿಡಿ ಹಾರೂದಿಲ್ಲ, ನಿಂತಲ್ಲೇ ಆರತೈತಿ. ಆದ್ರೂ ಇಷ್ಟು ಕರ್ರಗ ಆಗಬಾರದಿತ್ತಲ್ರೀ...”

ನಾನು ಸ್ಪ್ಯಾನರ್ ಒರೆಸುತ್ತಿದ್ದೆ. ಸಂಡೂರಿನವನ ಮಾತು ನನಗೂ ಕೇಳಿಸಿತ್ತು. ಪ್ರತಿ ಭಾನುವಾರ ಎಲ್ಲವನ್ನೂ ಜೋಡಿಸಿದ ಮೇಲೆ, ಯಾರೂ ನೋಡದಾಗ, ಟ್ಯಾಂಕಿಗೆ ಎರಡು ಮುಚ್ಚಳ ಸುರಿದಿದ್ದೆ. ನಿಮ್ಮ ಮನೆಯಲ್ಲೂ ಸಾರಿಗೆ ಇಬ್ಬರು ಉಪ್ಪು ಹಾಕಿದ ದಿನ ಇರುತ್ತದೆ. ಊಟಕ್ಕೆ ಕೂತಾಗ ಗೊತ್ತಾಗಿ ನಕ್ಕುಬಿಡುತ್ತೀರಿ. ನಮ್ಮದು ನಗುವ ಮನೆಯೇ, ಹೇಳುವ ಮನೆ ಅಲ್ಲ. ಅಪ್ಪ ಆ ಏರಿಯ ಮೇಲೆ ಮತ್ತೆ ಒಬ್ಬರೇ ಕೂತುಬಿಟ್ಟಾರು ಎಂಬ ಭಯ ಮೂವರಿಗೂ ಇತ್ತು, ಅಪ್ಪನಿಗೂ. ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಟ್ಯಾಂಕಿನ ಬಾಯಿಗೆ ಸುರಿದೆವು. ಇಂಚಿನಲ್ಲಿ ನೀರು ಬಿಡುತ್ತಿದ್ದವರು ಅಪ್ಪ, ಮಿಲಿಮೀಟರಿನಲ್ಲಿ ಕಲ್ಲು ಅಳೆಯುವವಳು ನಾನು. ಇಬ್ಬರಿಗೂ ಅಳತೆ ಹಿಡಿಯಲಿಲ್ಲ. ಆಗಲೂ ನಾನು ಬಾಯಿ ಬಿಡಲಿಲ್ಲ.

ಬಸಣ್ಣ ಟ್ಯಾಂಕು ಬರಿದು ಮಾಡಿದ, ಹೊಸ ಪ್ಲಗ್ ಹಾಕಿದ, ಸರಿಯಾಗಿ ಕಲಸಿದ ಪೆಟ್ರೋಲು ತುಂಬಿದ. ನಾನು ಏರಿಸಿಟ್ಟಿದ್ದ ಸ್ಕ್ರೂವನ್ನು ಇಳಿಸಿದ. ಅವನು ಚಹಾ ಕುಡಿದು ಮುಗಿಸುವವರೆಗೂ ಎಂಜಿನ್ ಆರಲಿಲ್ಲ.

“ನಾಳೆ ಒಬ್ರ ಹೋಗ್ತೀರೇನು?” ಅವ್ವ ಕೇಳಿದಳು.

“ಹೂಂ.”

“ಹೋಗ್ರಿ. ನಾಳೆ ಆರಿತಂದ್ರ ಗುತ್ತಿಗಿನ.”

ಮರುದಿನ ಬೆಳಿಗ್ಗೆ ನಾನೇ ಹಗ್ಗ ಜಗ್ಗಿದೆ. ಒಂದೇ ಸಲಕ್ಕೆ ಹತ್ತಿತು. ಅಪ್ಪ ಹತ್ತಿ ಕೂತ ಮೇಲೆ, ಸದ್ದಿನ ನಡುವೆ ಹೇಳುವುದು ಸುಲಭವೆನಿಸಿ, “ಅಪ್ಪಾ, ನಾನೂ ಹಾಕತಿದ್ದೆ. ಎರಡೆರಡು ಮುಚ್ಚಳ” ಎಂದೆ.

“ಗೊತ್ತಾತು ಬಿಡು. ಒಂದ ಸ್ಪ್ಯಾನರ್ ಎಷ್ಟು ಹೊತ್ತು ಒರಸ್ತಾರ?” ಎಂದು ಅವರು ಏರಿಯ ಕಡೆ ಹೊರಟರು.

ಸ್ಕೂಟರಿನಲ್ಲಿ ಸ್ವಲ್ಪ ಅಂತರ ಬಿಟ್ಟು ಹಿಂದೆ ಹೋಗುವುದೆಂದು ನಾನು ಆಗಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದೆ, ಕೀಲಿ ಕೈಯಲ್ಲಿತ್ತು. ಗಾಡಿ ತಿರುವಿನಲ್ಲಿ ಮರೆಯಾಯಿತು. ಒಳಗೆ ಹೋಗಿ ಕೀಲಿಯನ್ನು ಮೊಳೆಗೆ ತೂಗುಹಾಕಿ, ಚೀಲ ತೆಗೆದುಕೊಂಡು ಹಂಪಿಯ ಬಸ್ಸಿಗೆ ನಡೆದೆ.