ಮೆಲ್ಡಿಯಲ್ಲಿ ಎಲ್ಲರಿಗೂ ಪಾಲು

ನಮ್ಮ ಫ್ಲೋರೆಸ್ ದ್ವೀಪದಲ್ಲಿ ಒಬ್ಬರ ಮಗಳನ್ನು ಓದಿಸುವುದು ಊರಿನವರೆಲ್ಲರ ಕೆಲಸ. ಊಟ ಹಾಕಿ, ಹಾಡು ಹಾಕಿ, ಬಂದವರೆಲ್ಲ ದುಡ್ಡಿನ ಲಕೋಟೆ ಕೊಟ್ಟು ಬೆಳಗಿನವರೆಗೆ ಕುಣಿದರೆ ಫೀಸು ಹುಟ್ಟುತ್ತದೆ. ನನ್ನ ತಮ್ಮನ ಮಗಳು ಮೆಲ್ಡಿ ಹಾಗೆಯೇ ಕಡಲಾಚೆಯ ಕುಪಾಂಗ್‌ಗೆ ದನದ ಡಾಕ್ಟರಿಕೆ ಓದಲು ಹೋದಳು.

ಮೊದಲ ವರ್ಷ ಮುಗಿಸಿ ಅವಳು ಊರಲ್ಲಿ ಇಳಿದದ್ದೇ ತಡ, ಹಂದಿ, ಕುದುರೆ, ಎಮ್ಮೆ ಹಿಡಿದುಕೊಂಡು ಊರಿಗೆ ಊರೇ ನಮ್ಮ ಅಂಗಳದಲ್ಲಿ ನಿಂತಿತು.

"ಅತ್ತೆ, ಈ ವರ್ಷ ಬರೀ ಮೂಳೆ, ಹಲ್ಲು ಕಲಿಸಿದಾರೆ. ರೋಗ ಎಲ್ಲಾ ಆಮೇಲೆ," ಎಂದು ಮೆಲ್ಡಿ ಪಿಸುಗುಟ್ಟಿದಳು.

"ಹಲ್ಲೇ ನೋಡು. ಇವರ‍್ಯಾರೂ ಸುಮ್ನೆ ಮನೆಗೆ ಹೋಗೋ ಪೈಕಿ ಅಲ್ಲ," ಎಂದು ಗದರಿದೆ.

ಅವಳು ಒಂದೊಂದರ ಬಾಯಿ ಬಿಡಿಸಿ ವಯಸ್ಸು ಹೇಳತೊಡಗಿದಳು. "ಈ ಕುದುರೇನ ಮರಿ ಅಂತ ಮಾರಿದ್ದು ಯಾರು? ಇದು ನನಗಿಂತ ದೊಡ್ಡದು!" ಮಾರಿದವನು ಅಲ್ಲೇ ಇದ್ದ. ಜನ ಬಿದ್ದು ಬಿದ್ದು ನಕ್ಕರು. ಆ ಗದ್ದಲಕ್ಕೆ ಒಂದು ಹಂದಿ ಹಗ್ಗ ಕಿತ್ತುಕೊಂಡು ನೋಡಲು ಬಂದಿದ್ದ ಊರ ಪಾದ್ರಿಗಳ ಕಾಲಸಂದಿಯಲ್ಲಿ ನುಗ್ಗಿತು.

ಕೊನೆಗೆ ಗಬೂರ್ ಅಜ್ಜ ಬರಿಗೈಯಲ್ಲಿ ಬಂದು ನಿಂತ. ಆಗಲೇ ತನ್ನ ಶವಪೆಟ್ಟಿಗೆ ಮಾಡಿಸಿ ಅಟ್ಟಕ್ಕೆ ಏರಿಸಿದ್ದ ಮುದುಕ.

"ನನ್ಹತ್ರ ದನ ಇಲ್ಲ. ಆದ್ರೆ ಲಕೋಟೆ ನಾನೂ ಕೊಟ್ಟಿದೀನಿ. ನೋಡು," ಎಂದು ಬಾಯಿ ತೆರೆದ.

ಮೆಲ್ಡಿ ಇಣುಕಿದಳು. ಉಳಿದದ್ದು ಒಂದೇ ಹಲ್ಲು.

"ಅಜ್ಜಾ, ನಾನು ಓದು ಮುಗಿಸಿದ ದಿನ ಮೊದಲು ಕುಣಿಯೋನು ನೀನೇ. ಈ ಹಲ್ಲು ಹಂಗೆ ಹೇಳ್ತಿದೆ."

"ಸುಳ್ಳುಬುರುಕಿ!" ಎಂದು ಅಜ್ಜ ಬೈದುಕೊಂಡೇ ಹೋದ.

ಮರುದಿನ ಬೆಳಿಗ್ಗೆ ಮುದುಕ ತನ್ನ ಹಿತ್ತಲಲ್ಲಿ ಗುಂಡಿ ತೋಡುತ್ತಿದ್ದ. ಪೆಟ್ಟಿಗೆ ಆಯ್ತು, ಈಗ ಗೋರಿಯೂ ಶುರುವಾಯ್ತು ಎಂದುಕೊಂಡೆ. ಓಡಿಹೋಗಿ ನೋಡಿದರೆ ಪಕ್ಕದಲ್ಲಿ ಲವಂಗದ ಸಸಿ. ಅದು ಮೊಗ್ಗು ಬಿಡಲು ಆರೇಳು ವರ್ಷವಾದರೂ ಬೇಕು.