ಗಂಡನ ಹೆಸರು ಹೇಳದ ತಂಗೆವ್ವ

ತಂಗೆವ್ವ ನನ್ನ ತಮ್ಮನ ಹೆಂಡತಿ, ಹೂಲಿಯವಳು. ಬೈಲಹೊಂಗಲಕ್ಕೆ ಸೊಸೆಯಾಗಿ ಬಂದಾಗ ಅವಳಿಗೆ ರೊಟ್ಟಿ ದುಂಡಗೆ ಬಡಿಯಲೂ ಬರುತ್ತಿರಲಿಲ್ಲ. ಈಗ ಅವಳ ರೊಟ್ಟಿಗೆ ಮಾರ್ಕೆಟ್ಟಿನ ಹಮಾಲರೆಲ್ಲ ಕಾಯುತ್ತಾರೆ. ಕಲಿಸಿದವಳು ನಾನು, ಹೊಗಳಿಕೆ ಅವಳಿಗೆ! ತಾಯಿಯಿಲ್ಲದ ತಮ್ಮನನ್ನು ಬಗಲಲ್ಲಿ ಹೊತ್ತು ಬೆಳೆಸಿದವಳೂ ನಾನೇ. ಮದುವೆಯಾದದ್ದೇ ತಡ, "ಅಕಿ ಎಲ್ಲಿ ಅದಾಳ?" ಎನ್ನುತ್ತಲೇ ಒಳಗೆ ಬರತೊಡಗಿದ. ನನ್ನ ಹೊಟ್ಟೆಗೆ ಮೆಣಸಿನಕಾಯಿ ಅರೆದು ಹಚ್ಚಿದಂತಾಗುತ್ತಿತ್ತು.

ತಮ್ಮನೂ ಮಾರ್ಕೆಟ್ಟಿನಲ್ಲಿ ಹಮಾಲನೇ. ಒಂದು ದಿನ ಲಾರಿಗೆ ಚೀಲ ಏರಿಸುವಾಗ ಮೇಲಿಂದ ಬಿದ್ದವನು ಕಣ್ಣು ತೆರೆದರೂ ಯಾರನ್ನೂ ಗುರುತಿಸಲಿಲ್ಲ. ಧಾರವಾಡದ ದವಾಖಾನೆಯಲ್ಲಿ ಡಾಕ್ಟರ್ ಸಂಘಮಿತ್ರಾ ಅವನ ತಲೆಗೆ ವೈರುಗಳ ಟೊಪ್ಪಿಗೆ ಹಾಕಿ ಕಂಪ್ಯೂಟರಿಗೆ ಜೋಡಿಸಿದರು. ಸಾವಿರಾರು ಜನರ ಮಿದುಳಿನ ಅಲೆಗಳನ್ನು ನೋಡಿ ನೋಡಿ ಕಲಿತ ಕಂಪ್ಯೂಟರ್ ಅದು. ಮೈ ಅಲುಗದಿದ್ದರೂ ಒಳಗೆ ಅರಿವಿದ್ದರೆ ಸುಳಿವು ಕೊಡುತ್ತದಂತೆ.

"ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೀರಿ," ಎಂದರು.

ನಾನೇ ಮುಂದಾದೆ. "ಸದಾಶಿವಾ, ಏ ಸದಾಶಿವಾ!" ಪರದೆಯ ಮೇಲೆ ಗೆರೆ ಚಂಗನೆ ಎದ್ದಿತು. ತಂಗೆವ್ವನ ಮುಖ ನೋಡಿದೆ, ಕಪ್ಪಿಟ್ಟಿತ್ತು. ಸುಳ್ಳೇಕೆ, ನನಗೆ ಖುಷಿಯಾಯಿತು.

ಅವಳು ಸೆರಗು ಸರಿಮಾಡಿಕೊಂಡು, "ರೀ... ಕೇಳಸ್ತೈತೇನ್ರಿ?" ಎಂದಳು. ಗೆರೆ ಅಷ್ಟಾಗಿ ಅಲುಗಲಿಲ್ಲ.

"ಹೆಸರು ಹೇಳ್ರಿ," ಎಂದರು ಡಾಕ್ಟರ್.

"ಅಯ್ಯ, ಗಂಡನ ಹೆಸರು ಹ್ಯಾಂಗ ಹೇಳ್ಲಿರಿ? ಆಯುಷ್ಯ ಕಡಿಮಿ ಆಕ್ಕೈತಿ!"

"ಅಕಿ ಕೈಲೆ ಆಗೂದಿಲ್ಲ ಬಿಡ್ರಿ," ಎಂದೆ ನಾನು. "ನನಗ ಓ ಅಂದಾನಲ್ಲ, ಸಾಕು."

ಡಾಕ್ಟರ್ ಇಲ್ಲವೆಂದು ತಲೆಯಾಡಿಸಿದರು. "ತನ್ನ ಹೆಸರಿಗೆ ನಿದ್ದಿಯೊಳಗೂ ಮಿದುಳು ಬೆಚ್ಚತೈತ್ರಿ. ಅಷ್ಟಕ್ಕ ಒಳಗ ಎಚ್ಚರ ಅದಾರ ಅನ್ನಾಕ ಬರೂದಿಲ್ಲ."

ತಂಗೆವ್ವ ನನ್ನನ್ನು ದುರುಗುಟ್ಟಿ ನೋಡಿ, ಹಾಸಿಗೆಯ ಹತ್ತಿರ ಬಂದಳು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದು ಒಡಪಿನಲ್ಲಿ ಮಾತ್ರ. ಪದ ಕಟ್ಟಿ, ಪ್ರಾಸ ಹಚ್ಚಿ, ಕಟ್ಟಕಡೆಗೆ ಹೆಸರು. ಮದುವೆಯಲ್ಲಿ ಹೇಳಿದ ಮೇಲೆ ಅವಳು ಹೇಳಿದ್ದು ನಾನು ಕೇಳಿರಲಿಲ್ಲ.

"ಅವರ ಮೈಗೆ ಪೆಟ್ಟು, ನನ್ನ ಮೈಗೆ ನೋವ,
ಅಕ್ಕ ಕರದರ ಮಿಡೀತಂತ ಜೀವ,
ನನಗೂ ಒಮ್ಮಿ ಓ ಅನ್ಲಿ, ನನ್ನ..."

ನಾಚಿಕೆಯೋ ದುಃಖವೋ, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೆಸರು ಹೊರಬರಲಿಲ್ಲ. ಆದರೆ ಗೆರೆ ಮೆಲ್ಲಗೆ ಏರತೊಡಗಿತು, ಏರುತ್ತಲೇ ಹೋಯಿತು.

ಡಾಕ್ಟರ್ ಎದ್ದು ನಿಂತರು. ಮತ್ತೆ ಮತ್ತೆ ಹೇಳಿಸಿದರು. ಪ್ರತಿ ಸಲವೂ ಅವಳು ಹೆಸರಿನ ಹತ್ತಿರ ಬಂದು ನಿಂತಳು, ಹೆಸರಿಗಿಂತ ಮೊದಲೇ ಗೆರೆ ಏರಿತು.

"ಹೆಸರು ಯಾವಾಗ ಬರತೈತಿ ಅಂತ ಕಾಯಾಕ ಹತ್ತ್ಯಾರ! ಮಾತು ತಿಳಿದಿದ್ರ ಅಷ್ಟ ಕಾಯಾಕ ಬರತೈತಿ. ಒಳಗ ಅದಾರ್ರಿ!"

ತಂಗೆವ್ವ ಅವನ ಕೈಮೇಲೆ ಹಣೆಯಿಟ್ಟು ಅತ್ತಳು. ನಾನೂ ಅತ್ತೆ. ನನ್ನ ತಮ್ಮ ಇದ್ದಾನೆ! ನಾನು ಕೂಗಿದರೆ ಬೆಚ್ಚಿದವನು ಅವಳಿಗಾಗಿ ಕಾಯುತ್ತಿದ್ದಾನೆ ಎಂದು ಹೊಟ್ಟೆ ಉರಿಯಿತು, ಅದಕ್ಕೂ ಅತ್ತೆ.

"ಡಾಕ್ಟರ್ ಬಾಯಾರ," ಎಂದು ಡಾಕ್ಟರರ ಕೈ ಹಿಡಿದೆ. "ನಾನೂ ಒಂದ ಒಡಪು ಹೇಳ್ಲೇನ್ರಿ?"

ತಮ್ಮನ ಹೆಸರಿಗೆ ಅಕ್ಕ ಒಡಪು ಹೇಳುವುದು ಯಾವ ಊರಲ್ಲೂ ಇಲ್ಲ. ನನಗೂ ಅದು ಗೊತ್ತಿತ್ತು.